ಮುಚ್ಚಳವಿರುವ ಕಿಣ್ವ

ಮೇದೋಜೀರಕ ಗ್ರಂಥಿಯ ಲೈಪೇಸ್ ಕೊಬ್ಬನ್ನು ತುಂಡರಿಸುವ ಕಿಣ್ವ. ಅನ್ನಕ್ಕೆ ಬಿಟ್ಟುಕೊಂಡ ತುಪ್ಪ, ಒಗ್ಗರಣೆಯ ಎಣ್ಣೆ, ಚಟ್ನಿಯ ಕಾಯಿತುರಿಯ ಜಿಡ್ಡು, ಹಾಲಿನ ಕೆನೆ, ಇವೆಲ್ಲದರ ಬಹುಪಾಲು ಟ್ರೈಗ್ಲಿಸರೈಡ್ ಎಂಬ ಒಂದೇ ಬಗೆಯ ಅಣು. ಗ್ಲಿಸರಾಲ್ ಎಂಬ ಪುಟ್ಟ ಬೆನ್ನೆಲುಬು, ಅದಕ್ಕೆ ಅಂಟಿಕೊಂಡ ಕೊಬ್ಬಿನಾಮ್ಲದ ಮೂರು ಉದ್ದನೆಯ ಬಾಲಗಳು. ಈ ಅಣು ಇಡಿಯಾಗಿ ಕರುಳಿನ ಗೋಡೆ ದಾಟಲಾರದು. ಮೂರು ಬಾಲಗಳಲ್ಲಿ ಎರಡು ಮೊದಲು ಕಳಚಬೇಕು. ಲೈಪೇಸ್ ಅಂಚಿನ ಎರಡನ್ನು ಕತ್ತರಿಸಿ ನಡುವಿನದನ್ನು ಗ್ಲಿಸರಾಲ್ ಮೇಲೆಯೇ ಉಳಿಸುತ್ತದೆ. ಹೀಗೆ ಬಿಡಿಯಾದ ತುಣುಕುಗಳನ್ನು ಪಿತ್ತರಸದ ಲವಣಗಳು ಸುತ್ತುವರಿದು ಕರುಳಿನ ಒಳಪದರಕ್ಕೆ ಮುಟ್ಟಿಸುತ್ತವೆ. ಅಲ್ಲಿನ ಜೀವಕೋಶಗಳು ಅವನ್ನು ಹೀರಿಕೊಂಡು, ಮತ್ತೆ ಟ್ರೈಗ್ಲಿಸರೈಡ್ ಆಗಿ ಜೋಡಿಸಿ, ದುಗ್ಧರಸ ನಾಳಗಳ ಮೂಲಕ ರಕ್ತಕ್ಕೆ ಕಳಿಸುತ್ತವೆ. ಆರೋಗ್ಯವಂತರು ತಿಂದ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಹೀಗೆ ಮೈಸೇರುತ್ತದೆ.

ಈ ಕೆಲಸ ಜಠರದಲ್ಲೇ ಶುರುವಾಗುತ್ತದೆ. ಜಠರದ ಗೋಡೆ ಸ್ರವಿಸುವ ಇನ್ನೊಂದು ಲೈಪೇಸ್ ಆಮ್ಲದ ನಡುವೆಯೂ ದುಡಿಯಬಲ್ಲದು. ಶೇ 10ರಿಂದ 30ರಷ್ಟು ಕೊಬ್ಬನ್ನು ಅದೇ ಒಡೆಯುತ್ತದೆ. ಉಳಿದ ದೊಡ್ಡ ಹೊರೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಮೇದೋಜೀರಕದ ಲೈಪೇಸ್ ಪಾಲಿಗೆ ಬರುತ್ತದೆ. ಬೊಜ್ಜಿಗೆ ಮದ್ದು ಹುಡುಕಿದವರ ಕಣ್ಣು ಬಿದ್ದದ್ದು ಈ ಕಿಣ್ವದ ಮೇಲೆ. ಅದನ್ನು ತಡೆಯುವ ಒರ್ಲಿಸ್ಟ್ಯಾಟ್ ಮಾತ್ರೆಯನ್ನು ಊಟದ ಜೊತೆಗೇ ಏಕೆ ನುಂಗಬೇಕು, ಜಿಡ್ಡಿಲ್ಲದ ಊಟವಾದರೆ ಏಕೆ ಬಿಡಬಹುದು, ವಿಟಮಿನ್ ಮಾತ್ರೆಯನ್ನು ಏಕೆ ದೂರವಿಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಕಿಣ್ವದ ಕಟ್ಟಡದಲ್ಲೂ ಅದು ದುಡಿಯುವ ಜಾಗದಲ್ಲೂ ಇದೆ.

ಎಣ್ಣೆ–ನೀರಿನ ಗಡಿ

ಮೇದೋಜೀರಕಕ್ಕೂ ಕೊಬ್ಬಿನ ಜೀರ್ಣಕ್ಕೂ ಇರುವ ನಂಟನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್. ಅದು 1840ರ ದಶಕದ ಕೊನೆಯ ಮಾತು. ಅವರಿಗೆ ನೆರವಾದದ್ದು ಮೊಲದ ಒಡಲಿನ ಒಂದು ವಿಶೇಷ. ಮನುಷ್ಯರಲ್ಲಿ ಪಿತ್ತನಾಳವೂ ಮೇದೋಜೀರಕದ ನಾಳವೂ ಸಾಮಾನ್ಯವಾಗಿ ಕರುಳಿನ ಒಂದೇ ಕಡೆ ತೆರೆದುಕೊಳ್ಳುತ್ತವೆ. ಮೊಲದಲ್ಲಿ ಪಿತ್ತನಾಳ ಜಠರಕ್ಕೆ ಹತ್ತಿರ ಸೇರಿದರೆ, ಮೇದೋಜೀರಕದ ನಾಳ ಅಲ್ಲಿಂದ ಮೊಳದಷ್ಟು ಕೆಳಗೆ ಸೇರುತ್ತದೆ. ಕೊಬ್ಬು ತಿನ್ನಿಸಿದ ಮೊಲದ ಹೊಟ್ಟೆ ತೆರೆದು ನೋಡಿದಾಗ, ಕರುಳಿನಿಂದ ಹೊರಡುವ ದುಗ್ಧರಸ ನಾಳಗಳು ಪಿತ್ತನಾಳದ ಬಳಿ ನೀರಿನಂತೆ ತಿಳಿಯಾಗಿದ್ದವು. ಮೇದೋಜೀರಕದ ನಾಳ ಸೇರುವ ಜಾಗ ದಾಟಿದ ಮೇಲಷ್ಟೇ ಹಾಲಿನ ಬಣ್ಣಕ್ಕೆ ತಿರುಗಿದ್ದವು. ಆ ಬಿಳುಪು ಹೀರಲ್ಪಟ್ಟ ಕೊಬ್ಬಿನದು. ಪಿತ್ತರಸ ಒಂದರಿಂದಲೇ ಆಗದ ಕೆಲಸ ಮೇದೋಜೀರಕದ ರಸ ಬಂದು ಕೂಡಿದ ಮೇಲೆ ಆಗುತ್ತಿತ್ತು.

ಆ ರಸದಲ್ಲಿರುವ ಲೈಪೇಸ್ ಬೇರೆ ಜೀರ್ಣಕಿಣ್ವಗಳಂತಲ್ಲ ಎಂಬುದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಪಿಷ್ಟ ಒಡೆಯುವ ಅಮೈಲೇಸ್‌ಗೆ, ಪ್ರೋಟೀನು ಒಡೆಯುವ ಟ್ರಿಪ್ಸಿನ್‌ಗೆ ತೊಡಕು ಕಡಿಮೆ. ಅವೂ ನೀರಿನಲ್ಲಿರುತ್ತವೆ, ಅವುಗಳ ಆಹಾರವೂ ನೀರಿನಲ್ಲಿರುತ್ತದೆ. ಲೈಪೇಸ್ ನೀರಿನಲ್ಲಿ ಕರಗುವ ಪ್ರೋಟೀನು. ಅದು ಒಡೆಯಬೇಕಾದ ಎಣ್ಣೆ ನೀರಿನ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಅದರ ಕೆಲಸವೆಲ್ಲ ನಡೆಯಬೇಕಾದದ್ದು ಎಣ್ಣೆಯ ಹನಿ ಮತ್ತು ನೀರು ಕೂಡುವ ತೆಳು ಗಡಿಯಲ್ಲಿ.

1958ರಲ್ಲಿ ಮಾರ್ಸೇಯ ಲೂಯಿ ಸಾರ್ದಾ ಮತ್ತು ಪಿಯೆರ್ ದೆನ್ಯುಯೆಲ್ ಇದನ್ನು ಅಳೆದು ತೋರಿಸಿದರು. ಅವರು ಬಳಸಿದ್ದು ಟ್ರೈಅಸಿಟಿನ್ ಎಂಬ ಗಿಡ್ಡ ಬಾಲಗಳ ಟ್ರೈಗ್ಲಿಸರೈಡ್. ಒಂದು ಮಿತಿಯವರೆಗೆ ಅದು ನೀರಿನಲ್ಲಿ ಕರಗುತ್ತದೆ. ಮಿತಿ ಮೀರಿದರೆ ಸಣ್ಣ ಹನಿಗಳಾಗಿ ಬೇರ್ಪಡುತ್ತದೆ. ಕರಗಿದ್ದಾಗ ಲೈಪೇಸ್ ಅದನ್ನು ಮುಟ್ಟಿಯೂ ಮುಟ್ಟದಂತಿತ್ತು. ಹನಿಗಳು ಕಾಣಿಸಿಕೊಂಡ ಕೂಡಲೇ ಕಿಣ್ವದ ವೇಗ ಒಮ್ಮೆಲೇ ಜಿಗಿಯಿತು. ಸಾಮಾನ್ಯ ಕಿಣ್ವಗಳಲ್ಲಿ ಆಹಾರ ಹೆಚ್ಚಿದಂತೆ ವೇಗ ನಿಧಾನವಾಗಿ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಇಲ್ಲಿ ಗಡಿಯೊಂದು ಹುಟ್ಟಿದ್ದೇ ಕಿಣ್ವವನ್ನು ಎಬ್ಬಿಸಿತ್ತು. ಗಡಿಯನ್ನು ಮುಟ್ಟಿದೊಡನೆ ಈ ಪ್ರೋಟೀನಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಮುಂದಿನ ಮೂರು ದಶಕ ಹಾಗೇ ಉಳಿಯಿತು.

ಹರಳಿನಲ್ಲಿ ಕಂಡ ಕಟ್ಟಡ

ಉತ್ತರದ ಮೊದಲ ಅರ್ಧ ಸಿಕ್ಕಿದ್ದು 1990ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ರೋಷ್ ಔಷಧ ಕಂಪನಿಯ ಫ್ರಿಟ್ಜ್ ವಿಂಕ್ಲರ್, ಅಲನ್ ಡಾರ್ಸಿ ಮತ್ತು ವಿಲ್ಲಿ ಹುನ್ಜಿಕರ್ ಮನುಷ್ಯರ ಮೇದೋಜೀರಕ ಲೈಪೇಸನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಅದರ ಮೂರು ಆಯಾಮದ ಆಕಾರವನ್ನು ಬಿಡಿಸಿದರು. ಅದೇ ವಾರದ 'ನೇಚರ್' ಸಂಚಿಕೆಯಲ್ಲಿ ಒಂದು ಬೂಷ್ಟಿನ ಲೈಪೇಸಿನ ಆಕಾರವೂ ಪ್ರಕಟವಾಯಿತು. ಎರಡರಲ್ಲೂ ಕಂಡದ್ದು ಒಂದೇ ವಿಚಿತ್ರ.

ಮನುಷ್ಯರ ಕಿಣ್ವ 449 ಅಮೈನೋ ಆಮ್ಲಗಳ ಒಂದೇ ಸರಪಳಿ. ಸರಪಳಿ ಎರಡು ಗಂಟುಗಳಾಗಿ ಮಡಚಿಕೊಂಡಿದೆ. 1ರಿಂದ 336ರವರೆಗಿನ ದೊಡ್ಡ ಗಂಟು ಕತ್ತರಿಸುವ ಭಾಗ. ಉಳಿದ ಚಿಕ್ಕ ಗಂಟು ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತಿದ್ದು, ಆಸರೆಯ ಕೆಲಸ ಮಾಡುತ್ತದೆ. ದೊಡ್ಡ ಗಂಟಿನ ನಡುವೆ ಬೀಟಾ ಎಳೆಗಳ ಹಾಳೆ, ಅದರ ಎರಡೂ ಪಕ್ಕ ಸುರುಳಿಗಳು. ಈ ವಿನ್ಯಾಸವನ್ನು ಆಲ್ಫಾ–ಬೀಟಾ ಹೈಡ್ರೊಲೇಸ್ ಮಡಿಕೆ ಎನ್ನುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುವ ನೂರಾರು ಕಿಣ್ವಗಳಲ್ಲಿ ನಿಸರ್ಗ ಇದನ್ನು ಮತ್ತೆ ಮತ್ತೆ ಬಳಸಿದೆ.

ಕತ್ತರಿ ಇರುವುದು ಮೂರು ಅಮೈನೋ ಆಮ್ಲಗಳಲ್ಲಿ: 152ನೆಯ ಸೀರಿನ್, 176ನೆಯ ಆಸ್ಪಾರ್ಟಿಕ್ ಆಮ್ಲ, 263ನೆಯ ಹಿಸ್ಟಿಡಿನ್. ಸರಪಳಿಯಲ್ಲಿ ಅವು ದೂರ ದೂರ. ಮಡಚಿಕೊಂಡಾಗ ಒಂದಕ್ಕೊಂದು ತಾಗುವಷ್ಟು ಹತ್ತಿರ. ಪ್ರೋಟೀನು ಒಡೆಯುವ ಟ್ರಿಪ್ಸಿನ್‌ನಲ್ಲೂ ಇದೇ ಬಗೆಯ ತ್ರಿವಳಿ ಇದೆ. ಎರಡೂ ಕಿಣ್ವಗಳ ಉಳಿದ ಆಕಾರಕ್ಕೆ ಹೋಲಿಕೆಯಿಲ್ಲ. ಬೇರೆ ಬೇರೆ ದಾರಿಯಲ್ಲಿ ನಡೆದ ವಿಕಾಸ ಒಂದೇ ಉಪಾಯಕ್ಕೆ ಬಂದು ತಲುಪಿದ್ದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ವಿರಳ.

ವಿಚಿತ್ರವೆಂದರೆ, ಹರಳಿನಲ್ಲಿ ಕಂಡ ಕಿಣ್ವದ ಕತ್ತರಿ ಮುಚ್ಚಿಹೋಗಿತ್ತು. ಎರಡು ಸಿಸ್ಟೀನ್‌ಗಳ ನಡುವಿನ ಗಂಧಕದ ಕೊಂಡಿಯಿಂದ ಬಿಗಿದ ಒಂದು ಸರಪಳಿಯ ಕುಣಿಕೆ ಸೀರಿನ್ ಮೇಲೆ ಕವುಚಿಕೊಂಡಿತ್ತು. ಎಣ್ಣೆ ಹೋಗಲಿ, ನೀರಿನ ಅಣುವಿಗೂ ಅಲ್ಲಿ ಸಲೀಸಾದ ದಾರಿಯಿರಲಿಲ್ಲ. ವಿಜ್ಞಾನಿಗಳು ಇದನ್ನು ಮುಚ್ಚಳ ಎಂದು ಕರೆದರು. ಹೆಸರು ಸರಿಯಾಗಿಯೇ ಕೂತಿತು. ನೀರಿನಲ್ಲಿ ತೇಲುತ್ತಿರುವಾಗ ಲೈಪೇಸ್ ಮುಚ್ಚಿದ ಡಬ್ಬಿ. ಸಾರ್ದಾ ಮತ್ತು ದೆನ್ಯುಯೆಲ್ ಕಂಡಿದ್ದ ನಿದ್ದೆಗೆ ಇದೇ ವಿವರಣೆ.

ಎರಡನೆಯ ಅರ್ಧ ಬಂದದ್ದು ಮತ್ತೆ ಮಾರ್ಸೇಯಿಂದ. ಹರ್ಮನ್ ವಾನ್ ಟಿಲ್ಬರ್ಗ್, ಕ್ರಿಸ್ತಿಯಾನ್ ಕಾಂಬಿಯೋ, ರೊಬೇರ್ ವೆರ್ಜೆ ಮತ್ತು ಸಂಗಡಿಗರು ಲೈಪೇಸನ್ನು ಅದರ ಜೊತೆಗಾರ ಪ್ರೋಟೀನಿನೊಂದಿಗೆ ಹರಳುಗಟ್ಟಿಸಿ 1992ರಲ್ಲಿ ಮುಚ್ಚಿದ ರೂಪವನ್ನೂ, ಫಾಸ್ಫೋಲಿಪಿಡ್ ಮತ್ತು ಪಿತ್ತಲವಣದ ಮಿಶ್ರಣವಿಟ್ಟು 1993ರಲ್ಲಿ ತೆರೆದ ರೂಪವನ್ನೂ ಪ್ರಕಟಿಸಿದರು. ತೆರೆದ ರೂಪದಲ್ಲಿ ಮುಚ್ಚಳ ದೂರಕ್ಕೆ ಮಗುಚಿಕೊಂಡಿತ್ತು. ಅದು ಸರಿದ ಮೇಲೆ ಇನ್ನೊಂದು ಸಣ್ಣ ಕುಣಿಕೆಯೂ ಹಿಂದೆ ಮಡಚಿಕೊಂಡು, ಕತ್ತರಿಸುವ ಕ್ರಿಯೆಗೆ ಬೇಕಾದ ಒಂದು ಪುಟ್ಟ ಗೂಡನ್ನು ಉಂಟುಮಾಡಿತ್ತು. ಮುಚ್ಚಳದ ಒಳಮೈ ಜಿಡ್ಡನ್ನು ಮೆಚ್ಚುವ ಅಮೈನೋ ಆಮ್ಲಗಳದು. ಮುಚ್ಚಿದ್ದಾಗ ಆ ಮೈ ಒಳಗೆ ಅಡಗಿರುತ್ತದೆ. ತೆರೆದಾಗ ಕಿಣ್ವದ ಒಂದು ಪಕ್ಕವೇ ಅಗಲವಾದ ಜಿಡ್ಡುಪ್ರಿಯ ಬಯಲಾಗಿ ಎಣ್ಣೆಯ ಹನಿಗೆ ಅಂಟಿಕೊಳ್ಳುತ್ತದೆ. ಗಡಿ ಮುಟ್ಟುವುದಕ್ಕೂ ಮುಚ್ಚಳ ತೆರೆಯುವುದಕ್ಕೂ ಇರುವ ನಂಟು ಹೀಗೆ ಬೆಳಕಿಗೆ ಬಂತು.

ಈ ಕತೆಯಲ್ಲಿ ಜೊತೆಗಾರ ಪ್ರೋಟೀನಿನ ಪಾಲು ಸಣ್ಣದಲ್ಲ. ಅದರ ಹೆಸರು ಕೋಲೈಪೇಸ್. ಲೈಪೇಸ್ ತೂಕದ ಐದನೆಯ ಒಂದರಷ್ಟಿರುವ ಇದಕ್ಕೆ ಸ್ವತಃ ಏನನ್ನೂ ಕತ್ತರಿಸುವ ಶಕ್ತಿಯಿಲ್ಲ. ಆದರೆ ಇದಿಲ್ಲದೆ ಕರುಳಿನಲ್ಲಿ ಲೈಪೇಸ್ ಕೈಲಾಗದ್ದಾಗುತ್ತದೆ. ಕಾರಣ ಪಿತ್ತರಸ. ಪಿತ್ತಲವಣಗಳು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ಗಡಿಯ ವಿಸ್ತಾರವನ್ನು ಹೆಚ್ಚಿಸುತ್ತವೆ, ಇದು ಉಪಕಾರ. ಅದೇ ಲವಣಗಳು ಹನಿಯ ಮೈಯನ್ನು ತಾವೇ ಆವರಿಸಿ ಲೈಪೇಸನ್ನು ಅಲ್ಲಿಂದ ತೊಳೆದುಹಾಕುತ್ತವೆ, ಇದು ತೊಂದರೆ. ಕೋಲೈಪೇಸ್ ಒಂದು ಕಡೆ ಲೈಪೇಸಿನ ಚಿಕ್ಕ ಗಂಟನ್ನೂ ಇನ್ನೊಂದು ಕಡೆ ಹನಿಯ ಮೈಯನ್ನೂ ಹಿಡಿದು, ಹರಿವ ಹೊಳೆಯಲ್ಲಿ ದೋಣಿಗೆ ಲಂಗರು ಹಾಕಿದಂತೆ ಕಿಣ್ವವನ್ನು ನಿಲ್ಲಿಸುತ್ತದೆ. ತೆರೆದ ಮುಚ್ಚಳವೂ ಕೋಲೈಪೇಸಿಗೆ ಒರಗಿಕೊಂಡು ಅಲ್ಲೇ ನೆಲೆಯಾಗುತ್ತದೆ.

ಕತ್ತರಿಸುವ ಕ್ರಿಯೆ ಎರಡು ಹಂತದ್ದು. ಹಿಸ್ಟಿಡಿನ್ ಸೀರಿನ್‌ನಿಂದ ಒಂದು ಪ್ರೋಟಾನ್ ಸೆಳೆದುಕೊಳ್ಳುತ್ತದೆ; ಚುರುಕಾದ ಸೀರಿನ್‌ನ ಆಮ್ಲಜನಕ ಎಣ್ಣೆಯ ಅಣುವಿನ ಎಸ್ಟರ್ ಕೊಂಡಿಯ ಇಂಗಾಲದ ಮೇಲೆ ಎರಗುತ್ತದೆ. ಆಗ ಹುಟ್ಟುವ ಅಸ್ಥಿರ ರೂಪವನ್ನು ಮೇಲೆ ಹೇಳಿದ ಪುಟ್ಟ ಗೂಡು ಹಿಡಿದು ಸಂಭಾಳಿಸುತ್ತದೆ. ಕೊಂಡಿ ಮುರಿದು ಗ್ಲಿಸರಾಲ್ ಕಡೆಯ ತುಂಡು ಹೊರಬೀಳುತ್ತದೆ, ಕೊಬ್ಬಿನಾಮ್ಲ ಮಾತ್ರ ಸೀರಿನ್‌ಗೆ ಅಂಟಿ ಉಳಿಯುತ್ತದೆ. ಎರಡನೆಯ ಹಂತದಲ್ಲಿ ನೀರಿನ ಒಂದು ಅಣು ಬಂದು ಅದನ್ನೂ ಬಿಡಿಸುತ್ತದೆ. ಕಿಣ್ವ ಮೊದಲಿನಂತಾಗಿ ಮುಂದಿನ ಅಣುವಿಗೆ ಅಣಿಯಾಗುತ್ತದೆ. ಔಷಧ ಕೈ ಹಾಕುವುದು ಈ ಎರಡನೆಯ ಹಂತಕ್ಕೆ.

ಮಣ್ಣಿನ ಜೀವಿಯಿಂದ ಬಂದ ಮದ್ದು

1980ರ ದಶಕದಲ್ಲಿ ರೋಷ್‌ನ ಸಂಶೋಧಕರು ಲೈಪೇಸನ್ನು ತಡೆಯುವ ವಸ್ತುವಿಗಾಗಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಜಾಲಾಡುತ್ತಿದ್ದರು. ಸ್ಪೇನ್‌ನ ಮಯೋರ್ಕಾ ದ್ವೀಪದ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಟಾಕ್ಸಿಟ್ರಿಸಿನಿ ಎಂಬ ಬ್ಯಾಕ್ಟೀರಿಯಾ ಅಂಥದೊಂದನ್ನು ತಯಾರಿಸುತ್ತಿತ್ತು. 1987ರಲ್ಲಿ ಪ್ರಕಟವಾದ ಅದರ ಹೆಸರು ಲಿಪ್‌ಸ್ಟ್ಯಾಟಿನ್. ಅದರ ಬಾಲದಲ್ಲಿದ್ದ ಎರಡು ಜೋಡಿ ಕೊಂಡಿಗಳಿಗೆ ನಾಲ್ಕು ಜಲಜನಕ ತುಂಬಿದಾಗ ಹೆಚ್ಚು ಬಾಳಿಕೆಯ ಟೆಟ್ರಾಹೈಡ್ರೊಲಿಪ್‌ಸ್ಟ್ಯಾಟಿನ್ ದೊರಕಿತು. ಒರ್ಲಿಸ್ಟ್ಯಾಟ್ ಎಂಬುದು ಇದಕ್ಕೇ ಇಟ್ಟ ಔಷಧನಾಮ. ಝೆನಿಕಲ್ ಎಂಬ ವ್ಯಾಪಾರದ ಹೆಸರಿನಲ್ಲಿ 1998ರಲ್ಲಿ ಯೂರೋಪಿನಲ್ಲೂ 1999ರಲ್ಲಿ ಅಮೆರಿಕದಲ್ಲೂ ಅನುಮತಿ ಪಡೆಯಿತು. 120 ಮಿಲಿಗ್ರಾಂ, ದಿನಕ್ಕೆ ಮೂರು ಸಲ. 2007ರಲ್ಲಿ ಅಮೆರಿಕದಲ್ಲಿ 60 ಮಿಲಿಗ್ರಾಂನ ಗುಳಿಗೆ ವೈದ್ಯರ ಚೀಟಿ ಇಲ್ಲದೆಯೇ ಅಂಗಡಿಗೆ ಬಂತು. ಕಿಣ್ವಗಳ ತಯಾರಿಕೆಯಿಂದಲೇ 1978ರಲ್ಲಿ ಕೆಲಸ ಆರಂಭಿಸಿದ ಬೆಂಗಳೂರಿನ ಬಯೋಕಾನ್, ಈಚಿನ ದಶಕಗಳಲ್ಲಿ ಒರ್ಲಿಸ್ಟ್ಯಾಟ್‌ನ ಮೂಲ ಔಷಧವಸ್ತು ತಯಾರಿಸುವ ಕಂಪನಿಗಳಲ್ಲಿ ಒಂದು.

ಒರ್ಲಿಸ್ಟ್ಯಾಟ್ ಅಣುವಿನ ಜೀವಾಳ ಬೀಟಾ-ಲ್ಯಾಕ್ಟೋನ್ ಎಂಬ ನಾಲ್ಕು ಪರಮಾಣುಗಳ ಉಂಗುರ. ಅಷ್ಟು ಚಿಕ್ಕ ಉಂಗುರ ಎಳೆದು ಕಟ್ಟಿದ ಬಿಲ್ಲಿನಂತೆ ಬಿಗಿದಿರುತ್ತದೆ. ಉಂಗುರದ ಒಳಗಿರುವುದೂ ಎಸ್ಟರ್ ಕೊಂಡಿಯೇ, ಪಕ್ಕದಲ್ಲಿರುವುದೂ ಕೊಬ್ಬಿನಾಮ್ಲದಂಥ ಉದ್ದನೆಯ ಬಾಲಗಳೇ. ಹಾಗಾಗಿ ಲೈಪೇಸಿನ ಪಾಲಿಗೆ ಇದೂ ಎಣ್ಣೆಯ ಇನ್ನೊಂದು ಅಣು. 152ನೆಯ ಸೀರಿನ್ ಎಂದಿನಂತೆ ಎರಗುತ್ತದೆ, ಉಂಗುರ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಸರಪಳಿ ಸೀರಿನ್‌ಗೆ ಅಂಟಿಕೊಳ್ಳುತ್ತದೆ. ಸಾಮಾನ್ಯ ಎಣ್ಣೆಯಲ್ಲಾದರೆ ಈಗ ಅರ್ಧ ಅಣು ಹೊರಬಿದ್ದು ನೀರಿಗೆ ಜಾಗವಾಗಬೇಕು. ಇಲ್ಲಿ ಹೊರಬೀಳುವ ತುಂಡೇ ಇಲ್ಲ. ಉಂಗುರದ ಎರಡೂ ತುದಿ ಒಂದೇ ಸರಪಳಿಯವು. ನೀರಿನ ಅಣು ಬಂದು ಬಿಡಿಸುವ ಕೆಲಸ ಬಹಳ ನಿಧಾನವಾಗುತ್ತದೆ. ಕಿಣ್ವ ತನ್ನ ಕೈಯನ್ನು ತಾನೇ ಕಟ್ಟಿಕೊಂಡು ನಿಲ್ಲುತ್ತದೆ. ಔಷಧ ಅಂಟುವುದು ಇದೇ ಸೀರಿನ್‌ಗೆ ಎಂದು ರೋಷ್‌ನ ಸಂಶೋಧಕರು 1991ರಲ್ಲಿ ತೋರಿಸಿದರು.

ಮಾತ್ರೆಯ ಸೂಚನೆಗಳು ಇಲ್ಲಿಂದಲೇ ಅರ್ಥವಾಗುತ್ತವೆ. ಔಷಧ ಸೀರಿನ್ ಮುಟ್ಟಬೇಕಾದರೆ ಮುಚ್ಚಳ ತೆರೆದಿರಬೇಕು. ಮುಚ್ಚಳ ತೆರೆಯಬೇಕಾದರೆ ಎಣ್ಣೆಯ ಗಡಿ ಬೇಕು. ಎಣ್ಣೆಯ ಗಡಿ ಬರುವುದು ಊಟದಿಂದ. ಅದಕ್ಕಾಗಿಯೇ ಊಟದ ಜೊತೆ, ತಪ್ಪಿದರೆ ಊಟವಾಗಿ ಒಂದು ಗಂಟೆಯೊಳಗೆ ಮಾತ್ರೆ ತೆಗೆದುಕೊಳ್ಳಬೇಕೆಂಬ ನಿಯಮ. ಊಟ ಬಿಟ್ಟರೆ, ಅಥವಾ ಊಟದಲ್ಲಿ ಜಿಡ್ಡೇ ಇಲ್ಲದಿದ್ದರೆ, ಮಾತ್ರೆಯನ್ನೂ ಬಿಡಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮಾತ್ರೆ ವ್ಯರ್ಥ. ಜಠರದ ಲೈಪೇಸನ್ನೂ ಒರ್ಲಿಸ್ಟ್ಯಾಟ್ ಇದೇ ರೀತಿ ಕಟ್ಟಿಹಾಕುತ್ತದೆ.

ಈ ಕಿಣ್ವವನ್ನು ಗುರಿ ಮಾಡಿಕೊಂಡದ್ದರ ಜಾಣ್ಮೆ ಇನ್ನೊಂದು ಕಡೆ ಇದೆ. ಕರುಳಿನ ಒಳಟೊಳ್ಳು ಒಂದರ್ಥದಲ್ಲಿ ದೇಹದ ಹೊರಗೇ ಇರುವ ಜಾಗ. ಅಲ್ಲಿ ದುಡಿಯುವ ಕಿಣ್ವವನ್ನು ತಡೆಯಲು ಔಷಧ ರಕ್ತಕ್ಕೆ ಸೇರಬೇಕಾಗಿಲ್ಲ. ನುಂಗಿದ ಒರ್ಲಿಸ್ಟ್ಯಾಟ್‌ನಲ್ಲಿ ತೀರಾ ಕಡಿಮೆ ಅಂಶವಷ್ಟೇ ರಕ್ತ ಸೇರುತ್ತದೆ; ಉಳಿದದ್ದು ಮಲದ ಜೊತೆ ಹೊರಟುಹೋಗುತ್ತದೆ. ಅದೇ ಕಾಲದ ಬೇರೆ ತೂಕದ ಮದ್ದುಗಳು ಮೆದುಳಿನ ಮೇಲೆ ಕೆಲಸ ಮಾಡುತ್ತಿದ್ದವು. ಅವುಗಳಲ್ಲಿ ರಿಮೊನಬ್ಯಾಂಟ್ ಮಾನಸಿಕ ಅಡ್ಡಪರಿಣಾಮಗಳಿಂದಾಗಿ 2008ರಲ್ಲಿ ಯೂರೋಪಿನ ಮಾರುಕಟ್ಟೆಯಿಂದ ಹೊರಬಿತ್ತು. ಹೃದಯಕ್ಕೆ ತಂದೊಡ್ಡುವ ಅಪಾಯದಿಂದಾಗಿ 2010ರಲ್ಲಿ ಯೂರೋಪ್, ಅಮೆರಿಕಗಳಲ್ಲಿ ಸಿಬುಟ್ರಮಿನ್‌ನ ಮಾರಾಟ ನಿಂತಿತು. ಒರ್ಲಿಸ್ಟ್ಯಾಟ್ ಉಳಿದುಕೊಂಡಿತು. ಅದರ ಬಲ ಹೆಚ್ಚೆಂದು ಅಲ್ಲ, ಅದು ಕರುಳಿನಲ್ಲೇ ಕೆಲಸ ಮುಗಿಸಿ ಹೋಗುತ್ತದೆಂದು.

ಮೂರರಲ್ಲಿ ಒಂದು ಪಾಲು

ಪೂರ್ಣ ಪ್ರಮಾಣದ ಒರ್ಲಿಸ್ಟ್ಯಾಟ್ ತಿಂದ ಕೊಬ್ಬಿನ ಸುಮಾರು ಶೇ 30ರಷ್ಟನ್ನು ಹೀರದಂತೆ ತಡೆಯುತ್ತದೆ. ಇಷ್ಟೇ ಏಕೆ ಎಂಬುದಕ್ಕೆ ಮೇದೋಜೀರಕದ ಧಾರಾಳತನವೇ ಉತ್ತರ. ಗ್ರಂಥಿ ಅಗತ್ಯಕ್ಕಿಂತ ಬಹಳ ಹೆಚ್ಚು ಲೈಪೇಸ್ ಸುರಿಸುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 1973ರಲ್ಲಿ ತೋರಿಸಿದಂತೆ, ಸ್ರಾವ ಸಹಜದ ಹತ್ತನೆಯ ಒಂದಕ್ಕಿಂತ ಕೆಳಗಿಳಿಯುವವರೆಗೆ ಮಲದಲ್ಲಿ ಕೊಬ್ಬು ಕಾಣಿಸುವುದಿಲ್ಲ. ಅಂದರೆ ಒಂಬತ್ತು ಪಾಲು ಕಿಣ್ವವನ್ನು ಕಟ್ಟಿಹಾಕಿದರೂ ಹತ್ತನೆಯ ಪಾಲು ಇಡೀ ಊಟವನ್ನು ನಿಭಾಯಿಸಬಲ್ಲದು. ಔಷಧ ಈ ಮೀಸಲನ್ನು ದಾಟಿ ಒಳಗೆ ಹೋಗಬೇಕು. 120 ಮಿಲಿಗ್ರಾಂ ದಾಟಿಸಿ ಪ್ರಮಾಣ ಏರಿಸಿದರೂ ಹೆಚ್ಚಿನ ಲಾಭ ಕಂಡುಬಂದಿಲ್ಲ.

ಶೇ 30 ಎಂದರೆ ಎಷ್ಟು ಕ್ಯಾಲೊರಿ? ದಿನಕ್ಕೆ 2000 ಕ್ಯಾಲೊರಿ ತಿನ್ನುವವರ ಆಹಾರದಲ್ಲಿ ಶೇ 30ರಷ್ಟು ಕೊಬ್ಬಿನಿಂದ ಬಂದರೆ ಅದು 600 ಕ್ಯಾಲೊರಿ, ತೂಕದಲ್ಲಿ 67 ಗ್ರಾಂ. ಅದರ ಶೇ 30 ಎಂದರೆ 20 ಗ್ರಾಂ, 180 ಕ್ಯಾಲೊರಿ. ಮುದ್ದೆ, ಅನ್ನ, ಸಕ್ಕರೆ ಬೆರೆಸಿದ ಕಾಫಿ–ಚಹಾ ಹೆಚ್ಚಿರುವ ಊಟದಲ್ಲಿ ಈ ಲೆಕ್ಕ ಇನ್ನೂ ಕುಗ್ಗುತ್ತದೆ. ರಾಗಿ, ಅಕ್ಕಿಗಳ ಪಿಷ್ಟವನ್ನು ಒಡೆಯುವುದು ಅಮೈಲೇಸ್. ಒರ್ಲಿಸ್ಟ್ಯಾಟ್ ಅದರ ತಂಟೆಗೆ ಹೋಗುವುದಿಲ್ಲ. ಅನ್ನದಿಂದ ಬಂದ ಬೊಜ್ಜಿಗೆ ಎಣ್ಣೆಯ ಕಿಣ್ವ ಹಿಡಿದು ಪ್ರಯೋಜನವಿಲ್ಲ. ಈ ಮಾತ್ರೆ ಕೊಳ್ಳುವ ಮುನ್ನ ತಮ್ಮ ತಟ್ಟೆಯಲ್ಲಿ ಜಿಡ್ಡೆಷ್ಟು, ಹಿಟ್ಟೆಷ್ಟು ಎಂದು ಪ್ರತಿಯೊಬ್ಬರೂ ನೋಡಿಕೊಳ್ಳಬೇಕಾದದ್ದು ಇದಕ್ಕಾಗಿ.

ಪರಿಣಾಮ ಅಳೆದ ದೊಡ್ಡ ಅಧ್ಯಯನ ಸ್ವೀಡನ್‌ನ ಝೆಂಡೋಸ್. 2004ರಲ್ಲಿ ಪ್ರಕಟವಾದ ಇದರಲ್ಲಿ 3,305 ಮಂದಿ ನಾಲ್ಕು ವರ್ಷ ಭಾಗವಹಿಸಿದರು. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ. ಅರ್ಧ ಜನಕ್ಕೆ ಒರ್ಲಿಸ್ಟ್ಯಾಟ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ನಾಲ್ಕು ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 5.8 ಕಿಲೊ, ಎರಡನೆಯದು 3 ಕಿಲೊ ಇಳಿದಿತ್ತು. ಮಧುಮೇಹ ಬಂದವರ ಪ್ರಮಾಣ ಶೇ 6.2 ಮತ್ತು ಶೇ 9. ಎರಡೂವರೆ–ಮೂರು ಕಿಲೊದ ವ್ಯತ್ಯಾಸ ಕನ್ನಡಿಯಲ್ಲಿ ಕಾಣದಿರಬಹುದು, ಮಧುಮೇಹದ ಲೆಕ್ಕದಲ್ಲಿ ಮಾತ್ರ ಅದು ಎದ್ದು ಕಂಡಿತು. ಒರ್ಲಿಸ್ಟ್ಯಾಟ್ ಗುಂಪಿನಲ್ಲೂ ಕೊನೆಯವರೆಗೆ ಉಳಿದವರು ಶೇ 52 ಮಾತ್ರ ಎಂಬುದನ್ನು ಮರೆಯುವಂತಿಲ್ಲ.

ಹೀರದೆ ಉಳಿದ ಎಣ್ಣೆ ಎಲ್ಲಿಗಾದರೂ ಹೋಗಲೇಬೇಕು. ಅದು ಮಲದ ಜೊತೆ ಹೋಗುತ್ತದೆ. ಎಣ್ಣೆಯಂತೆ ಜಾರುವ ಭೇದಿ, ತಡೆಯಲಾಗದ ಆತುರ, ವಾಯುವಿನ ಜೊತೆ ಒಳಉಡುಪಿಗೆ ಅಂಟುವ ಜಿಡ್ಡಿನ ಕಲೆ, ಇವು ಈ ಔಷಧದ ಸಾಮಾನ್ಯ ತೊಂದರೆಗಳು. ಕರಿದ ತಿಂಡಿ ಹೆಚ್ಚಾದಷ್ಟೂ ಇವು ಹೆಚ್ಚು. ಒಬ್ಬಟ್ಟಿನ ಊಟಕ್ಕೆ ತುಪ್ಪ ಸುರಿದುಕೊಂಡು ಮಾತ್ರೆ ನುಂಗಿದವರು ಅನುಭವಿಸುವ ಪೇಚು ದೊಡ್ಡದು. ಅನೇಕರು ನಡುವೆಯೇ ಮಾತ್ರೆ ಬಿಡುವುದಕ್ಕೂ, ಕೆಲವರು ಹೆದರಿ ಜಿಡ್ಡನ್ನೇ ಕಡಿಮೆ ಮಾಡುವುದಕ್ಕೂ ಇದೇ ಕಾರಣ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು. ಹೀರದ ಎಣ್ಣೆಯ ಜೊತೆ ಅವೂ ಹರಿದುಹೋಗುತ್ತವೆ. ಆದ್ದರಿಂದ ವಿಟಮಿನ್ ಮಾತ್ರೆಯನ್ನು ಎರಡು ಗಂಟೆಯಾದರೂ ಅಂತರವಿಟ್ಟು, ಸಾಮಾನ್ಯವಾಗಿ ಮಲಗುವ ಹೊತ್ತಿಗೆ, ತೆಗೆದುಕೊಳ್ಳಲು ಹೇಳುತ್ತಾರೆ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಬೇಕು. ಅಂಗಾಂಗ ಕಸಿಯಾದವರು ಸೇವಿಸುವ ಸೈಕ್ಲೊಸ್ಪೊರಿನ್‌ನ ಮಟ್ಟ ಇದರಿಂದ ಇಳಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಕೆ ತಗ್ಗಿ ಲೆಕ್ಕ ಏರುಪೇರಾಗಬಹುದು. ಅಪರೂಪಕ್ಕೆ ಕಂಡ ತೀವ್ರ ಯಕೃತ್ತಿನ ಹಾನಿಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಎಚ್ಚರಿಕೆ ಸೇರಿಸಿತು. ಗರ್ಭಿಣಿಯರಿಗೆ, ಆಹಾರ ಹೀರದ ದೀರ್ಘ ಕಾಯಿಲೆಯವರಿಗೆ, ಪಿತ್ತರಸದ ಹರಿವು ಕಟ್ಟಿದವರಿಗೆ ಇದು ಸಲ್ಲದು.

ಕಿಣ್ವ ಕಡಿಮೆಯಾದಾಗ

ಔಷಧದಿಂದ ಬೇಕೆಂದೇ ಮಾಡುವುದನ್ನು ಕೆಲವು ಕಾಯಿಲೆಗಳು ತಾವೇ ಮಾಡುತ್ತವೆ. ದೀರ್ಘಕಾಲದ ಮೇದೋಜೀರಕದ ಉರಿಯೂತದಲ್ಲಿ ಗ್ರಂಥಿ ಸವೆದು ಲೈಪೇಸ್ ಇಳಿಯುತ್ತದೆ. ಎಷ್ಟು ತಿಂದರೂ ಮೈಗೆ ಹತ್ತದೆ ರೋಗಿ ಬಡವಾಗುತ್ತಾನೆ. ದಕ್ಷಿಣ ಭಾರತಕ್ಕೆ ಇದು ದೂರದ ವಿಷಯವಲ್ಲ. ಚಿಕ್ಕ ವಯಸ್ಸಿನಲ್ಲೇ ಹೊಟ್ಟೆನೋವು, ಗ್ರಂಥಿಯೊಳಗೆ ಸುಣ್ಣದ ಹರಳು, ಆಮೇಲೆ ಮಧುಮೇಹ ಎಂಬ ಕ್ರಮದಲ್ಲಿ ಬರುವ ಉಷ್ಣವಲಯದ ಬಗೆಯನ್ನು ಕೇರಳದ ವೈದ್ಯ ಪಿ. ಜೆ. ಗೀವರ್ಗೀಸ್ ನೂರಾರು ರೋಗಿಗಳಲ್ಲಿ ದಾಖಲಿಸಿ 1968ರಲ್ಲಿ ಪುಸ್ತಕವನ್ನೇ ಬರೆದರು.

ಇಂಥವರಿಗೆ ಹಂದಿಯ ಮೇದೋಜೀರಕದಿಂದ ತೆಗೆದ ಕಿಣ್ವಗಳ ಗುಳಿಗೆ ಕೊಡುತ್ತಾರೆ. ಮೇದೋಜೀರಕದ ಲೈಪೇಸ್ ಜಠರದ ಆಮ್ಲಕ್ಕೆ ಸಿಕ್ಕರೆ ಮತ್ತೆ ಸರಿಹೋಗದಂತೆ ಕೆಡುವುದರಿಂದ, ಗುಳಿಗೆಯೊಳಗಿನ ಸಣ್ಣ ಕಾಳುಗಳಿಗೆ ಕರುಳಿನಲ್ಲಷ್ಟೇ ಕರಗುವ ಲೇಪವಿರುತ್ತದೆ. ಒರ್ಲಿಸ್ಟ್ಯಾಟ್‌ನಂತೆ ಇದನ್ನೂ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಕಾರಣವೂ ಅದೇ, ಕಿಣ್ವವೂ ಎಣ್ಣೆಯೂ ಒಂದೇ ಹೊತ್ತಿಗೆ ಕರುಳು ತಲುಪಬೇಕು.

ಆಸ್ಪತ್ರೆಗಳಲ್ಲಿ ಲೈಪೇಸ್ ಹೆಸರು ಹೆಚ್ಚು ಕೇಳಿಬರುವುದು ರಕ್ತಪರೀಕ್ಷೆಯಲ್ಲಿ. ಮೇದೋಜೀರಕಕ್ಕೆ ಹಠಾತ್ ಉರಿಯೂತವಾದಾಗ ಕರುಳಿಗೆ ಹೋಗಬೇಕಾದ ಕಿಣ್ವ ರಕ್ತಕ್ಕೆ ಸೋರುತ್ತದೆ. ಸಹಜ ಮಿತಿಯ ಮೂರು ಪಟ್ಟು ದಾಟಿದ ಲೈಪೇಸ್ ರೋಗನಿರ್ಣಯದ ಒಂದು ಆಧಾರ. ಅಮೈಲೇಸ್‌ಗಿಂತ ಹೆಚ್ಚು ದಿನ ಅದು ಏರಿದ ಮಟ್ಟದಲ್ಲೇ ಇರುವುದರಿಂದ, ತಡವಾಗಿ ಆಸ್ಪತ್ರೆಗೆ ಬಂದವರಲ್ಲೂ ಉಪಯೋಗಕ್ಕೆ ಬರುತ್ತದೆ.

ಮುಂದಿನ ಹುಡುಕಾಟ

ಒರ್ಲಿಸ್ಟ್ಯಾಟ್‌ಗೆ ಬದಲಿಯಾಗಿ ಬಂದ ಸೆಟಿಲಿಸ್ಟ್ಯಾಟ್ ಬೇರೆ ಬಗೆಯ ಉಂಗುರದಿಂದ ಇದೇ ಕಿಣ್ವವನ್ನು ಹಿಡಿಯುತ್ತದೆ. 2013ರಲ್ಲಿ ಜಪಾನ್‌ನಲ್ಲಿ ಅನುಮತಿ ಪಡೆಯಿತು. ಗುರಿ ಒಂದೇ ಆದ್ದರಿಂದ ಎಣ್ಣೆ ಹೊರಹೋಗುವ ತೊಂದರೆ ಅದಕ್ಕೂ ತಪ್ಪಿಲ್ಲ.

ಚಹಾ, ಮಸಾಲೆ, ಹಣ್ಣಿನ ಸಿಪ್ಪೆ, ಕಾಡಿನ ಗಿಡಮೂಲಿಕೆಗಳ ಸಾರ ಲೈಪೇಸನ್ನು ತಡೆಯುತ್ತದೆಂಬ ಪ್ರಬಂಧಗಳು ಭಾರತದ ಕಾಲೇಜು ಪ್ರಯೋಗಾಲಯಗಳಿಂದಲೂ ಧಾರಾಳವಾಗಿ ಬರುತ್ತಿವೆ. ಇವನ್ನು ಓದುವಾಗ ಪ್ರಯೋಗ ನಡೆದ ಬಗೆಯನ್ನು ಮೊದಲು ನೋಡಬೇಕು. ಕೆಲಸ ಸುಲಭವಾಗಲೆಂದು ಹಲವರು ನಿಜವಾದ ಎಣ್ಣೆಯ ಬದಲು ಒಡೆದಾಗ ಹಳದಿ ಬಣ್ಣ ಬಿಡುವ ನೈಟ್ರೊಫಿನೈಲ್ ಎಸ್ಟರ್‌ಗಳನ್ನು ಬಳಸುತ್ತಾರೆ. ಅವುಗಳಲ್ಲಿ ಗಿಡ್ಡ ಬಾಲದವು ನೀರಿನಲ್ಲಿ ಕರಗುತ್ತವೆ. ಅಲ್ಲಿ ಎಣ್ಣೆಯ ಗಡಿಯೂ ಇಲ್ಲ, ಪಿತ್ತಲವಣವೂ ಇಲ್ಲ, ಕೋಲೈಪೇಸೂ ಇಲ್ಲ. ಮುಚ್ಚಳ ತೆರೆಯುವ ಸಂದರ್ಭವೇ ಬಾರದ ಪ್ರಯೋಗದಲ್ಲಿ ಸಿಕ್ಕ ಫಲಿತಾಂಶ ಕರುಳಿಗೆ ಅನ್ವಯಿಸಬೇಕಾಗಿಲ್ಲ. ಸಸ್ಯಗಳ ಟ್ಯಾನಿನ್‌ನಂಥ ವಸ್ತುಗಳು ಯಾವ ಪ್ರೋಟೀನಿಗಾದರೂ ಅಂಟಿಕೊಂಡು ಅದನ್ನು ಕೆಡಿಸಬಲ್ಲವು. ಅದನ್ನು ಲೈಪೇಸಿನ ಮೇಲಿನ ವಿಶೇಷ ಪರಿಣಾಮ ಎಂದು ಎಣಿಸುವುದು ತಪ್ಪು. ನಿಜವಾದ ಎಣ್ಣೆಯ ಹನಿಯ ಮೇಲೆ, ಪಿತ್ತಲವಣ ಮತ್ತು ಕೋಲೈಪೇಸ್ ಇಟ್ಟು, ಒರ್ಲಿಸ್ಟ್ಯಾಟ್‌ನ ಪಕ್ಕದಲ್ಲಿ ನಿಲ್ಲಿಸಿ ಅಳೆಯದ ಸಾರಕ್ಕೆ ಬೊಜ್ಜು ಕರಗಿಸುವ ಪುಡಿಯೆಂಬ ಚೀಟಿ ಅಂಟಿಸಿ ಮಾರುವುದು ಜನರಿಗೆ ಮಾಡುವ ಅನ್ಯಾಯ.

ಒರ್ಲಿಸ್ಟ್ಯಾಟ್‌ನ ಉಂಗುರ ಬೇರೆ ಕಿಣ್ವಗಳನ್ನೂ ಹಿಡಿಯಬಲ್ಲದು. ಜೀವಕೋಶದೊಳಗೆ ಕೊಬ್ಬಿನಾಮ್ಲ ಕಟ್ಟುವ ಫ್ಯಾಟಿ ಆಸಿಡ್ ಸಿಂಥೇಸ್ ಎಂಬ ದೊಡ್ಡ ಕಿಣ್ವದ ಒಂದು ಭಾಗದಲ್ಲೂ ಆಲ್ಫಾ–ಬೀಟಾ ಹೈಡ್ರೊಲೇಸ್ ಮಡಿಕೆ ಇದೆ, ಅಲ್ಲೂ ಸೀರಿನ್ ಇದೆ. ಅನೇಕ ಕ್ಯಾನ್ಸರ್ ಕೋಶಗಳು ಈ ಕಿಣ್ವವನ್ನು ಹೆಚ್ಚಾಗಿ ತಯಾರಿಸುತ್ತವೆ. ಒರ್ಲಿಸ್ಟ್ಯಾಟ್ ಅದನ್ನು ತಡೆಯುತ್ತದೆಂದು 2004ರಲ್ಲಿ ಗೊತ್ತಾಯಿತು. ಎರಡೂ ಕೂಡಿದ ಹರಳಿನ ಚಿತ್ರ 2007ರಲ್ಲಿ ಬಂತು. ಕರುಳಿಗೆ ಹೊಂದುವ ಗುಣವೇ ಇಲ್ಲಿ ಅಡ್ಡಿ: ರಕ್ತ ಸೇರದ ಔಷಧ ಗೆಡ್ಡೆಯನ್ನು ತಲುಪಲಾರದು.

ತೂಕ ಇಳಿಸುವ ಬಲದಲ್ಲಿ ಒರ್ಲಿಸ್ಟ್ಯಾಟ್ ಈಗ ಹಿಂದೆ ಬಿದ್ದಿದೆ. ಹಸಿವನ್ನೇ ತಗ್ಗಿಸುವ ಸೆಮಗ್ಲೂಟೈಡ್ ಚುಚ್ಚುಮದ್ದು 2021ರ ಅಧ್ಯಯನವೊಂದರಲ್ಲಿ ಸುಮಾರು ಹದಿನಾರು ತಿಂಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಸಿತು. ಹಾಗಿದ್ದೂ ಚುಚ್ಚುಮದ್ದು ಬೇಡದವರಿಗೆ, ಅದರ ಬೆಲೆ ಕೈಗೆಟುಕದವರಿಗೆ, ರಕ್ತಕ್ಕಿಳಿಯದ ಔಷಧವೇ ಸರಿಯೆನಿಸುವ ರೋಗಿಗಳಿಗೆ ವೈದ್ಯರು ಇದನ್ನು ಇನ್ನೂ ಬರೆಯುತ್ತಾರೆ. ಮೇದೋಜೀರಕ ಪ್ರತಿ ಊಟಕ್ಕೂ ಹೊಸ ಲೈಪೇಸ್ ಸ್ರವಿಸುವುದರಿಂದ ಪ್ರತಿ ಊಟಕ್ಕೂ ಹೊಸ ಮಾತ್ರೆ ಬೇಕು. ಮಾತ್ರೆ ನಿಲ್ಲಿಸಿದ 48ರಿಂದ 72 ಗಂಟೆಗಳೊಳಗೆ ಮಲದಲ್ಲಿನ ಕೊಬ್ಬು ಮೊದಲಿನ ಮಟ್ಟಕ್ಕೆ ಮರಳುತ್ತದೆ.